ಕಾಯಿಲೆಯ ಹೆಸರು ಗೊತ್ತಾಗುವವರೆಗೆ ಕಾಯಬೇಡಿ

ಆಂಬುಲೆನ್ಸ್ ಯಾವಾಗ ಕರೆಯಬೇಕು ಅಂತ ಕೇಳಿದರೆ ಎಲ್ಲರೂ ಕೊಡುವ ಉತ್ತರ ಒಂದೇ: ಎಮರ್ಜೆನ್ಸಿ ಇದ್ದಾಗ. ಸರಿ, ಎಮರ್ಜೆನ್ಸಿ ಅಂದರೆ ಯಾವುದು ಅಂತ ಕೇಳಿ ನೋಡಿ. ಆಗ ಕಾಯಿಲೆಗಳ ಹೆಸರು ಬರುತ್ತವೆ. ಹಾರ್ಟ್ ಅಟ್ಯಾಕ್, ಸ್ಟ್ರೋಕ್, ಆಕ್ಸಿಡೆಂಟ್. ಮನೆಯಲ್ಲಿ ಯಾರಿಗಾದರೂ ಏನಾದರೂ ಆದಾಗಲೂ ನಮ್ಮ ತಲೆ ಹೀಗೇ ಓಡುತ್ತದೆ. ಇದು ಹಾರ್ಟ್ ಅಟ್ಯಾಕಾ, ಗ್ಯಾಸಾ? ಸ್ಟ್ರೋಕಾ, ಬರೀ ಸುಸ್ತಾ? ಈ ಚರ್ಚೆಯಲ್ಲೇ ಅರ್ಧ ಗಂಟೆ ಹೋಗಿರುತ್ತದೆ.

ನಾನು ಕೆಲಸ ಮಾಡುವುದು ತುರ್ತು ಚಿಕಿತ್ಸಾ ವಿಭಾಗದಲ್ಲಿ. ಎದೆನೋವು ಅಂತ ಬಂದವರನ್ನು ನೋಡಿದ ಕೂಡಲೇ ಅದು ಹೃದಯದ್ದೋ ಅಲ್ಲವೋ ಅಂತ ನಮಗೂ ಗೊತ್ತಾಗುವುದಿಲ್ಲ. ಇಸಿಜಿ ತೆಗೆಯುತ್ತೇವೆ. ಮೊದಲನೆಯದು ಸರಿಯಾಗಿದ್ದರೂ ಸಮಾಧಾನವಾಗದೆ ಮತ್ತೆ ತೆಗೆಯುತ್ತೇವೆ. ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯಾ ಅಂತ ತಿಳಿಯಲು ಟ್ರೋಪೋನಿನ್ ಅನ್ನುವ ರಕ್ತ ಪರೀಕ್ಷೆ ಮಾಡುತ್ತೇವೆ. ಸ್ವಲ್ಪ ಹೊತ್ತು ಬಿಟ್ಟು ಅದನ್ನೂ ಇನ್ನೊಮ್ಮೆ ಮಾಡುತ್ತೇವೆ. ಇಷ್ಟೆಲ್ಲ ಕೈಯಲ್ಲಿದ್ದೂ ನಮಗೇ ಹೊತ್ತು ಹಿಡಿಯುವಾಗ, ಮನೆಯಲ್ಲಿ ಕೂತು ನೀವು ಹೇಗೆ ತೀರ್ಮಾನ ಮಾಡುತ್ತೀರಿ? ಮಾಡಬೇಕಾಗಿಯೂ ಇಲ್ಲ. ಕಾಯಿಲೆಗೆ ಹೆಸರಿಡುವುದು ನಮ್ಮ ಕೆಲಸ.

ನೀವು ಕೇಳಿಕೊಳ್ಳಬೇಕಾದದ್ದು ಬೇರೆ. ಈ ಮನುಷ್ಯನ ಉಸಿರಿಗೆ, ಪ್ರಜ್ಞೆಗೆ, ರಕ್ತ ಓಡಾಟಕ್ಕೆ ಏನಾದರೂ ಆಗಿದೆಯಾ? ಇದ್ದಕ್ಕಿದ್ದಂತೆ ಆಯಿತಾ? ದಾರಿಯಲ್ಲಿ ಇನ್ನೂ ಕೆಡಬಹುದಾ? ಕೆಟ್ಟರೆ ಪಕ್ಕದಲ್ಲಿ ಕೂತವರಿಗೆ ಏನಾದರೂ ಮಾಡಲು ಗೊತ್ತಿರಬೇಕಾ? ಇವುಗಳಲ್ಲಿ ಯಾವುದಕ್ಕಾದರೂ ‘ಹೌದು’ ಅಥವಾ ‘ಗೊತ್ತಿಲ್ಲ’ ಅನ್ನಿಸಿದರೆ ಫೋನ್ ಮಾಡಿ.

‘ನಮ್ಮ ಕಾರೇ ಇದೆಯಲ್ಲ, ಇನ್ನೂ ಬೇಗ ಹೋಗಬಹುದು’ ಅನ್ನುತ್ತೀರಿ. ಆಂಬುಲೆನ್ಸ್ ಬರೀ ಸೈರನ್ ಇರುವ ವ್ಯಾನ್ ಆಗಿದ್ದರೆ ಈ ಮಾತು ಸರಿ. ಬಹಳ ಕಾಲ ಅದು ಹಾಗೇ ಇತ್ತು. ಮಲಗಿಸಿಕೊಂಡು ಹೋಗುವ ಗಾಡಿ, ಅಷ್ಟೇ. 1965ರ ಹೊತ್ತಿಗೆ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ ಫ್ರಾಂಕ್ ಪ್ಯಾಂಟ್ರಿಜ್ ಅನ್ನುವ ಹೃದಯ ವೈದ್ಯರು ಒಂದು ವಿಷಯ ಗಮನಿಸಿದರು. ಹಾರ್ಟ್ ಅಟ್ಯಾಕ್ ಆದವರಲ್ಲಿ ತುಂಬಾ ಜನ ಆಸ್ಪತ್ರೆ ಸೇರುವ ಮೊದಲೇ, ಶುರುವಿನ ಒಂದೆರಡು ಗಂಟೆಯೊಳಗೇ ಸಾಯುತ್ತಿದ್ದರು. ಹೃದಯದ ಬಡಿತ ತಾಳ ತಪ್ಪಿ ಬರೀ ಅದುರಾಟವಾಗುತ್ತಿತ್ತು. ಅದನ್ನು ಸರಿದಾರಿಗೆ ತರುವ ಶಾಕ್ ಯಂತ್ರ ಇದ್ದದ್ದು ಆಸ್ಪತ್ರೆಯ ಒಳಗೆ. ಹಾಗಾದರೆ ಯಂತ್ರವೇ ರೋಗಿಯ ಹತ್ತಿರ ಹೋಗಲಿ ಅಂತ ಅವರು ಅದನ್ನು ಆಂಬುಲೆನ್ಸ್‌ಗೆ ಹತ್ತಿಸಿದರು. ಕಾರಿನ ಬ್ಯಾಟರಿಯಿಂದ ನಡೆಯುತ್ತಿದ್ದ ಆ ಯಂತ್ರ ಸುಮಾರು 70 ಕೆ.ಜಿ. ತೂಗುತ್ತಿತ್ತು. ಒಬ್ಬ ಆಳಿನ ತೂಕ! ಇವತ್ತು ಅದು ಕೈಯಲ್ಲಿ ಹಿಡಿದು ಓಡುವಷ್ಟು ಚಿಕ್ಕದಾಗಿದೆ.

ಈಗ ನಿಮ್ಮ ಕಾರನ್ನು ಯೋಚಿಸಿ. ಮಗ ಗಾಡಿ ಓಡಿಸುತ್ತಿದ್ದಾನೆ. ಹಿಂದೆ ಅಪ್ಪ, ಪಕ್ಕದಲ್ಲಿ ಅಮ್ಮ. ಸಿಗ್ನಲ್‌ನಲ್ಲಿ ನಿಂತಾಗ ಅಪ್ಪನ ತಲೆ ವಾಲುತ್ತದೆ. ಸೀಟಿನ ಮೇಲೆ ಕೂತವರಿಗೆ ಎದೆ ಒತ್ತಲು ಆಗುವುದಿಲ್ಲ, ಕೈಯಲ್ಲಿ ಆಕ್ಸಿಜನ್ ಇಲ್ಲ, ಮಗನ ಕೈಕಾಲು ನಡುಗುತ್ತಿವೆ. ಅದೇ ಆಂಬುಲೆನ್ಸ್‌ನಲ್ಲಿ ಚಿಕಿತ್ಸೆ ನಿಮ್ಮ ಮನೆಯಿಂದಲೇ ಶುರುವಾಗಿರುತ್ತದೆ. ಎಲ್ಲಿಗೆ ಕರೆದೊಯ್ಯಬೇಕು ಅನ್ನುವುದೂ ಅವರಿಗೆ ಗೊತ್ತು. ಸ್ಟ್ರೋಕ್ ಆದವರನ್ನು ಸಿಟಿ ಸ್ಕ್ಯಾನ್ ಇಲ್ಲದ ಹತ್ತಿರದ ನರ್ಸಿಂಗ್ ಹೋಮ್‌ಗೆ ಸೇರಿಸಿ, ಅಲ್ಲಿಂದ ಇನ್ನೊಂದು ಕಡೆಗೆ ಸಾಗಿಸುವಷ್ಟರಲ್ಲಿ ಕಳೆಯುವ ಹೊತ್ತು ಇದೆಯಲ್ಲ, ಅದೇ ಜಾಸ್ತಿ ಹಾನಿ ಮಾಡುತ್ತದೆ. ಇನ್ನು ಎದೆನೋವು ಬಂದವರು ತಾವೇ ಗಾಡಿ ಓಡಿಸಿಕೊಂಡು ಬರುವುದಂತೂ ಬೇಡವೇ ಬೇಡ. ಪ್ರಜ್ಞೆ ತಪ್ಪಿದರೆ ರಸ್ತೆಯಲ್ಲಿ ಹೋಗುವವರ ಗತಿ ಏನು? ಆಂಬುಲೆನ್ಸ್ ಬರುವುದು ತೀರಾ ತಡವಾಗುವ ಜಾಗದಲ್ಲಿದ್ದರೂ ಮೊದಲು ಫೋನ್ ಮಾಡಿ, ನಾವೇ ಹೊರಡೋಣವಾ ಅಂತ ಅವರನ್ನೇ ಕೇಳಿ.

ಎಲ್ಲಕ್ಕಿಂತ ತುರ್ತಾದದ್ದು ಹೃದಯ ನಿಂತುಹೋಗುವುದು. ಇದನ್ನು ಗುರುತಿಸುವುದು ಸುಲಭ ಅಂದುಕೊಂಡಿರುತ್ತೇವೆ. ಆದರೆ ಅನೇಕರು ಮೋಸ ಹೋಗುವುದು ಇಲ್ಲೇ. ಹೃದಯ ನಿಂತ ಮೇಲೂ ಕೆಲವು ನಿಮಿಷ ಮನುಷ್ಯ ಉಸಿರಾಡುತ್ತಿರುವ ಹಾಗೆ ಕಾಣಬಹುದು. ನೀರಿನಿಂದ ತೆಗೆದ ಮೀನಿನ ಹಾಗೆ ಬಾಯಿ ತೆರೆದು ಒಮ್ಮೆ ಎಳೆಯುತ್ತಾರೆ. ಆಮೇಲೆ ಸುಮಾರು ಹೊತ್ತು ಏನೂ ಇಲ್ಲ. ಮತ್ತೆ ಒಮ್ಮೆ ಗೊರಕೆಯಂಥ ಸದ್ದು. ‘ಉಸಿರಿದೆ, ಉಸಿರಿದೆ’ ಅಂತ ಎಲ್ಲರೂ ಸುತ್ತ ನಿಂತು ನೋಡುತ್ತಾರೆ. ಅದು ಉಸಿರಾಟವಲ್ಲ. ರಕ್ತ ಸಿಗದ ಮೆದುಳಿನ ಬುಡದಿಂದ ಬರುವ ಕೊನೆಯ ಎಳೆತ. ಕೆಲವರಿಗೆ ಮೊದಲು ಫಿಟ್ಸ್ ತರಹ ಕೈಕಾಲು ಅದುರುವುದೂ ಉಂಟು.

ಹಾಗಾಗಿ ನಿಯಮ ಸರಳ. ಕೂಗಿದರೆ, ಭುಜ ಅಲುಗಾಡಿಸಿದರೆ ಮಾತಿಲ್ಲ. ಉಸಿರಾಟ ಇಲ್ಲ, ಅಥವಾ ಎಂದಿನ ಹಾಗಿಲ್ಲ. ಇವೆರಡೂ ಇದ್ದರೆ ಹೃದಯ ನಿಂತಿದೆ ಅಂತಲೇ ತಿಳಿದುಕೊಳ್ಳಿ. ನಾಡಿ ಹುಡುಕುತ್ತಾ ಕೂರಬೇಡಿ, ಅಭ್ಯಾಸ ಇಲ್ಲದವರಿಗೆ ಗಾಬರಿಯಲ್ಲಿ ಅದು ಸಿಗುವುದಿಲ್ಲ. ಆಂಬುಲೆನ್ಸ್‌ಗೆ ಫೋನ್ ಮಾಡಿ ಸ್ಪೀಕರ್‌ಗೆ ಹಾಕಿ, ರೋಗಿಯನ್ನು ಗಟ್ಟಿ ನೆಲದ ಮೇಲೆ ಮಲಗಿಸಿ, ಎದೆಯ ನಡುವೆ ಎರಡೂ ಕೈ ಇಟ್ಟು ಒತ್ತಲು ಶುರು ಮಾಡಿ. ದೊಡ್ಡವರಿಗೆ 5ರಿಂದ 6 ಸೆಂ.ಮೀ. ಆಳ, ನಿಮಿಷಕ್ಕೆ 100ರಿಂದ 120 ಸಲ. ಹೇಗೆ ಅಂತ ಫೋನಿನ ಆ ಕಡೆಯವರು ಹೇಳಿಕೊಡುತ್ತಾರೆ. ಒತ್ತುವುದೂ ಇಲ್ಲ, ಶಾಕ್ ಕೊಡುವುದೂ ಇಲ್ಲ ಅಂದರೆ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇಕಡಾ 7ರಿಂದ 10ರಷ್ಟು ಇಳಿಯುತ್ತಾ ಹೋಗುತ್ತದೆ. ಪಕ್ಕೆಲುಬು ಮುರಿದೀತು ಅಂತ ಹೆದರುತ್ತಾರೆ. ಮುರಿಯಬಹುದು. ಮುರಿದ ಎಲುಬು ಕೂಡುತ್ತದೆ.

ಈಗ ಎದೆನೋವಿಗೆ ಬರೋಣ. ಸಿನಿಮಾದಲ್ಲಿ ಎದೆ ಹಿಡಿದುಕೊಂಡು ಧೊಪ್ಪನೆ ಬೀಳುತ್ತಾರೆ. ಅಸಲಿ ಹಾರ್ಟ್ ಅಟ್ಯಾಕ್ ಎಷ್ಟೋ ಸಲ ಅಷ್ಟು ನಾಟಕೀಯವಾಗಿರುವುದಿಲ್ಲ. ‘ನೋವು ಅಂತೇನಿಲ್ಲ ಡಾಕ್ಟ್ರೇ, ಏನೋ ಭಾರ ಇಟ್ಟ ಹಾಗಿದೆ’ ಅನ್ನುತ್ತಾರೆ. ಬಿಗಿ ಅನ್ನುತ್ತಾರೆ, ಹಿಂಡಿದ ಹಾಗೆ ಅನ್ನುತ್ತಾರೆ. ಅದು ತೋಳಿಗೆ, ದವಡೆಗೆ, ಬೆನ್ನಿಗೆ ಹರಡಬಹುದು. ನಾನು ಜಾಸ್ತಿ ಗಮನ ಕೊಡುವುದು ಬೆವರಿಗೆ. ಫ್ಯಾನ್ ಕೆಳಗೆ ಸುಮ್ಮನೆ ಕೂತವರ ಮೈ ತಣ್ಣಗೆ ಬೆವತು, ಮುಖ ಬಿಳಿಚಿಕೊಂಡು, ವಾಂತಿ ಬಂದ ಹಾಗಾಗುತ್ತಿದ್ದರೆ ಅದನ್ನು ಗ್ಯಾಸ್ ಅಂತ ಬಿಡಬೇಡಿ.

ಹೆಂಗಸರಲ್ಲಿ, ವಯಸ್ಸಾದವರಲ್ಲಿ, ಶುಗರ್ ಇರುವವರಲ್ಲಿ ಎದೆನೋವೇ ಇಲ್ಲದೆ ಹಾರ್ಟ್ ಅಟ್ಯಾಕ್ ಆಗಬಹುದು. ಬರೀ ಏದುಸಿರು, ಹೊಟ್ಟೆಯ ಮೇಲ್ಭಾಗದಲ್ಲಿ ಸಂಕಟ, ಹಿಂದೆಂದೂ ಆಗದಷ್ಟು ಸುಸ್ತು. ‘ಅಮ್ಮನಿಗೆ ಬೆಳಗ್ಗೆಯಿಂದ ಯಾಕೋ ಆಗ್ತಾ ಇಲ್ಲ’ ಅಂತ ಸಂಜೆ ಕರೆತರುತ್ತಾರೆ. ಅಷ್ಟು ಹೊತ್ತಿಗೆ ಹೃದಯದ ಒಂದು ಭಾಗಕ್ಕೆ ರಕ್ತ ನಿಂತು ಗಂಟೆಗಳಾಗಿರುತ್ತವೆ. ಇನ್ನೂ ಒಂದು ಬಗೆಯ ನೋವಿದೆ. ಎದೆಯಿಂದ ಬೆನ್ನಿನವರೆಗೆ ಹರಿದ ಹಾಗೆ ಒಮ್ಮೆಲೇ ಬಂದು, ಬಂದ ಗಳಿಗೆಯಲ್ಲೇ ತುತ್ತತುದಿಗೆ ಹೋಗುವ ನೋವು. ಅದು ದೊಡ್ಡ ರಕ್ತನಾಳದ ಗೋಡೆಯೇ ಸೀಳುತ್ತಿರುವ ಸೂಚನೆ ಇರಬಹುದು. ಆಸ್ಪಿರಿನ್ ಕೊಡಬಹುದಾ ಅಂತ ನೀವು ಕೇಳುತ್ತೀರಿ, ಗೊತ್ತು. ಒಂದು ಕಾರಣದ ಎದೆನೋವಿಗೆ ಒಳ್ಳೆಯದಾದದ್ದು ಇನ್ನೊಂದಕ್ಕೆ ಕೆಟ್ಟದ್ದಾಗಬಹುದು. ಫೋನಿನಲ್ಲಿ ಕೇಳಿ, ಅವರು ಹೇಳಿದರೆ ಕೊಡಿ.

ಸ್ಟ್ರೋಕ್‌ನ ಕಥೆ ಬೇರೆ. ಇಲ್ಲಿ ಸಾಮಾನ್ಯವಾಗಿ ನೋವೇ ಇರುವುದಿಲ್ಲ, ಅದೇ ಮೋಸ. ನೋವಿಲ್ಲ ಅಂದ ಮೇಲೆ ಸ್ವಲ್ಪ ಮಲಗಿದರೆ ಸರಿಹೋಗುತ್ತದೆ ಅಂದುಕೊಳ್ಳುತ್ತಾರೆ. ನಗಲು ಹೇಳಿ, ಬಾಯಿ ಒಂದು ಕಡೆ ಸೊಟ್ಟ ಆಗುತ್ತದಾ ನೋಡಿ. ಕಣ್ಣು ಮುಚ್ಚಿ ಎರಡೂ ಕೈ ಮುಂದಕ್ಕೆ ಚಾಚಲು ಹೇಳಿ, ಒಂದು ಕೈ ತಾನಾಗಿ ಇಳಿಯುತ್ತದಾ? ಒಂದು ಸರಳ ವಾಕ್ಯ ಹೇಳಿಸಿ, ಮಾತು ತೊದಲುತ್ತದಾ, ಏನೇನೋ ಪದ ಬರುತ್ತಿದೆಯಾ? ಮೂರರಲ್ಲಿ ಒಂದು ಹೊಸದಾಗಿ ಕಂಡರೂ ಸಾಕು. ಇದ್ದಕ್ಕಿದ್ದಂತೆ ಒಂದು ಕಣ್ಣು ಕಾಣದಾಗುವುದು, ನಿಲ್ಲಲಾಗದಷ್ಟು ತೂರಾಡುವುದು ಕೂಡ ಇದೇ ಪಟ್ಟಿಗೆ ಸೇರುತ್ತದೆ.

ಮೆದುಳಿನ ದೊಡ್ಡ ರಕ್ತನಾಳ ಕಟ್ಟಿಕೊಂಡರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಅನ್ನುವುದು ಒಂದು ಪ್ರಸಿದ್ಧ ಲೆಕ್ಕಾಚಾರ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವುದು ಸಾಮಾನ್ಯವಾಗಿ ಮೊದಲ 4.5 ಗಂಟೆಯೊಳಗೆ. ಆ ಒಳಗೂ ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಕೆಲವರಿಗೆ ಆಮೇಲೂ ರಕ್ತನಾಳದೊಳಗೆ ತಂತಿ ಹಾಕಿ ಹೆಪ್ಪನ್ನು ಹೊರಗೆಳೆಯಬಹುದು. ಅದಕ್ಕೇ ನಾವು ಕೇಳುವ ಮೊದಲ ಪ್ರಶ್ನೆ, ‘ಕೊನೆಯದಾಗಿ ಯಾವಾಗ ಚೆನ್ನಾಗಿದ್ದರು?’ ಅಂತ. ಬೆಳಗ್ಗೆ 6ಕ್ಕೆ ಎದ್ದಾಗ ಕೈ ಬಿದ್ದಿತ್ತು ಅಂದರೆ ಲೆಕ್ಕ 6ರಿಂದ ಅಲ್ಲ, ರಾತ್ರಿ 10ಕ್ಕೆ ಚೆನ್ನಾಗಿ ಮಾತಾಡಿ ಮಲಗಿದರಲ್ಲ, ಅಲ್ಲಿಂದ. ಆ ಸಮಯವನ್ನು ಬರೆದಿಟ್ಟುಕೊಳ್ಳಿ.

ಇಲ್ಲಿ ಮಾಡಬಾರದ ಎರಡು ಕೆಲಸ. ಒಂದು, ನೀರು, ಜ್ಯೂಸ್, ಮಾತ್ರೆ ಏನೂ ಬಾಯಿಗೆ ಹಾಕಬೇಡಿ. ನುಂಗುವ ಶಕ್ತಿಯೇ ಹೋಗಿರಬಹುದು, ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ. ಆಸ್ಪಿರಿನ್ ಅಂತೂ ಬೇಡ, ಏಕೆಂದರೆ ಕೆಲವು ಸ್ಟ್ರೋಕ್ ಹೆಪ್ಪಿನಿಂದಲ್ಲ, ರಕ್ತಸ್ರಾವದಿಂದ ಆಗುತ್ತವೆ. ಎರಡು, ಹತ್ತು ನಿಮಿಷದಲ್ಲಿ ಸರಿಯಾಯಿತು ಅಂತ ಫೋನ್ ಇಡಬೇಡಿ. ಬಂದು ಹೋದ ಸ್ಟ್ರೋಕ್ ಮುಂದಿನ ಒಂದೆರಡು ದಿನದಲ್ಲೇ ದೊಡ್ಡದಾಗಿ ಮರಳುವ ಅಪಾಯವಿದೆ. ಹಾಗೇ, ಜೀವಮಾನದಲ್ಲೇ ಕಾಣದಂಥ ತಲೆನೋವು ಕೆಲವೇ ಸೆಕೆಂಡಿನಲ್ಲಿ ಸಿಡಿದ ಹಾಗೆ ಬಂದರೆ ಮೆದುಳಿನ ಸುತ್ತ ರಕ್ತ ಸೋರುತ್ತಿರಬಹುದು. ಅದೂ ಆಂಬುಲೆನ್ಸ್‌ನ ವಿಷಯವೇ.

ಸ್ವಲ್ಪ ಆ ಕಡೆ ಹೋಗಿ ಒಂದು ಮಾತು ಹೇಳುತ್ತೇನೆ. ದೊಡ್ಡ ಅಪಘಾತವಾಗಿ ಒಟ್ಟಿಗೆ ತುಂಬಾ ಜನ ಬಂದಾಗ ಜೋರಾಗಿ ಕಿರುಚುತ್ತಿರುವವರ ಹತ್ತಿರ ನಾವು ಮೊದಲು ಓಡುವುದಿಲ್ಲ. ನಿಮಗೆ ಕಲ್ಲುಮನಸ್ಸು ಅನ್ನಿಸಬಹುದು. ಕಿರುಚುತ್ತಿದ್ದಾರೆ ಅಂದರೆ ಉಸಿರಿನ ದಾರಿ ತೆರೆದಿದೆ, ಮೆದುಳಿಗೆ ರಕ್ತ ಹೋಗುತ್ತಿದೆ. ಮೂಲೆಯಲ್ಲಿ ಸುಮ್ಮನೆ ಮಲಗಿರುವವರ ಹತ್ತಿರ ಮೊದಲು ಹೋಗುತ್ತೇವೆ. ಮನೆಯಲ್ಲಿ ಇದು ಉಲ್ಟಾ ಆಗುತ್ತದೆ. ಕಾಲು ಉಳುಕಿ ಅರಚುವವನಿಗೆ ನಾಲ್ಕು ಜನ, ಪೆಟ್ಟು ಬಿದ್ದು ತೂಕಡಿಸುತ್ತಿರುವವನನ್ನು ‘ಪಾಪ, ಮಲಗಲಿ’ ಅಂತ ಬಿಡುತ್ತೇವೆ.

ಉಬ್ಬಸದಲ್ಲಿ ಇದು ಇನ್ನೂ ಸ್ಪಷ್ಟ. ಸೊಂಯ್ ಸೊಂಯ್ ಸದ್ದು ಬರುತ್ತಿದ್ದರೆ ಗಾಳಿ ಕಷ್ಟಪಟ್ಟಾದರೂ ಓಡಾಡುತ್ತಿದೆ. ಒದ್ದಾಡುತ್ತಿದ್ದವರ ಸದ್ದು ಕಡಿಮೆಯಾಗಿ, ತೂಕಡಿಕೆ ಬಂದರೆ ಆರಾಮಾಯಿತು ಅಂತಲ್ಲ. ಗಾಳಿ ಓಡಾಡುವುದೇ ನಿಲ್ಲುತ್ತಾ ಬಂದಿದೆ. ಒಂದು ಪೂರ್ತಿ ವಾಕ್ಯ ಒಂದೇ ಉಸಿರಿಗೆ ಹೇಳಲಾಗುತ್ತಿಲ್ಲ, ಇನ್‌ಹೇಲರ್ ತೆಗೆದುಕೊಂಡರೂ ಇಳಿಯುತ್ತಿಲ್ಲ, ತುಟಿ ನೀಲಿ ಅಥವಾ ಬೂದು ಬಣ್ಣಕ್ಕೆ ತಿರುಗಿದೆ ಅಂದರೆ ಕಾಯಬೇಡಿ. ಚಿಕ್ಕ ಮಕ್ಕಳಲ್ಲಿ ಬಟ್ಟೆ ಎತ್ತಿ ಎದೆ ನೋಡಿ. ಪ್ರತಿ ಉಸಿರಿಗೂ ಪಕ್ಕೆಲುಬಿನ ನಡುವಿನ ಚರ್ಮ ಒಳಗೆ ಸೇದಿಕೊಳ್ಳುತ್ತಿದ್ದರೆ, ಮೂಗಿನ ಹೊಳ್ಳೆ ಅರಳುತ್ತಿದ್ದರೆ, ಮಗು ಹಾಲು ಕುಡಿಯಲೂ ಆಗದೆ ಸುಸ್ತಾಗಿದ್ದರೆ ಅದು ಬರೀ ನೆಗಡಿಯಲ್ಲ.

ತಿಂದದ್ದೇನೋ ಗಂಟಲಲ್ಲಿ ಸಿಕ್ಕಿಕೊಂಡಾಗಲೂ ಅಷ್ಟೇ. ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಕೆಮ್ಮೂ ಇಲ್ಲ, ಮಾತೂ ಇಲ್ಲ, ಕುತ್ತಿಗೆ ಹಿಡಿದುಕೊಂಡಿದ್ದಾರೆ ಅಂದರೆ ಮುಂದಕ್ಕೆ ಬಗ್ಗಿಸಿ, ಹೆಗಲ ಮೂಳೆಗಳ ನಡುವೆ ಅಂಗೈಯಿಂದ 5 ಸಲ ಬಲವಾಗಿ ಹೊಡೆಯಿರಿ. ಹೋಗದಿದ್ದರೆ ಹಿಂದಿನಿಂದ ತಬ್ಬಿ, ಹೊಕ್ಕುಳಿನ ಮೇಲ್ಭಾಗದಲ್ಲಿ ಮುಷ್ಟಿಯಿಟ್ಟು ಒಳಕ್ಕೂ ಮೇಲಕ್ಕೂ 5 ಸಲ ಎಳೆಯಿರಿ. ವರ್ಷ ತುಂಬದ ಮಗುವಿಗೆ ಹೀಗೆ ಹೊಟ್ಟೆ ಒತ್ತಬಾರದು, ಅದರ ವಿಧಾನ ಬೇರೆ. ಇಷ್ಟು ಮಾಡುವಾಗ ಇನ್ನೊಬ್ಬರು ಫೋನ್ ಮಾಡುತ್ತಿರಲಿ.

ಅಲರ್ಜಿಯಲ್ಲಿ ಮೈಮೇಲೆ ದದ್ದು ಎದ್ದರೆ ಅಷ್ಟಕ್ಕೇ ಆಂಬುಲೆನ್ಸ್ ಬೇಡ. ಜೇನುನೊಣ ಕಚ್ಚಿದ ಮೇಲೋ, ಹೊಸ ಮಾತ್ರೆ ನುಂಗಿದ ಮೇಲೋ, ಏನೋ ತಿಂದ ಮೇಲೋ ಕೆಲವೇ ನಿಮಿಷದಲ್ಲಿ ನಾಲಿಗೆ, ಗಂಟಲು ಊದಿದರೆ, ಧ್ವನಿ ಬದಲಾದರೆ, ಉಸಿರು ಕಟ್ಟಿದರೆ, ತಲೆ ಸುತ್ತಿ ಬಿದ್ದರೆ ಬೇಕು. ಆ ವ್ಯಕ್ತಿಯ ಹತ್ತಿರ ಅಡ್ರಿನಲಿನ್ ಪೆನ್ (ತೀವ್ರ ಅಲರ್ಜಿಗೆ ತಾವೇ ಚುಚ್ಚಿಕೊಳ್ಳಬಹುದಾದ ಇಂಜೆಕ್ಷನ್) ಇದ್ದರೆ ತೊಡೆಯ ಹೊರಭಾಗಕ್ಕೆ ತಕ್ಷಣ ಚುಚ್ಚಿ, ಆಮೇಲೆ ಫೋನ್. ಮಲಗಿಸಿ, ಕಾಲು ಎತ್ತರಕ್ಕಿಡಿ. ಉಸಿರಾಡಲು ಕಷ್ಟವಾದರೆ ಕೂರಿಸಿ. ಎಬ್ಬಿಸಿ ನಡೆಸಬೇಡಿ. ಹೀಗಾದಾಗ ಒಮ್ಮೆಲೇ ಎದ್ದು ನಿಂತವರ ಬಿಪಿ ಕುಸಿದು ಜೀವ ಹೋದದ್ದಿದೆ.

ಫಿಟ್ಸ್ ಬಂದಾಗ ನೋಡುವವರಿಗೆ ಭಯ ಜಾಸ್ತಿ, ಆದರೆ ಎಲ್ಲ ಫಿಟ್ಸ್‌ಗೂ ಆಂಬುಲೆನ್ಸ್ ಬೇಕಿಲ್ಲ. ಮೊದಲಿಂದ ಇರುವ ಕಾಯಿಲೆ, ಎಂದಿನಂತೆ ಬಂದು ಎರಡು ಮೂರು ನಿಮಿಷಕ್ಕೆ ನಿಂತಿತು, ನಿಧಾನಕ್ಕೆ ಪ್ರಜ್ಞೆ ಬಂತು ಅಂದರೆ ಅವರ ವೈದ್ಯರಿಗೆ ತಿಳಿಸಿದರೆ ಸಾಕು. ಗಡಿಯಾರ ನೋಡಿಕೊಳ್ಳಿ. ನಿಮ್ಮ ಮನಸ್ಸಿನ ಲೆಕ್ಕ ನಂಬಬೇಡಿ, ಒಂದು ನಿಮಿಷ ಹತ್ತು ನಿಮಿಷದ ಹಾಗೆ ಅನ್ನಿಸುತ್ತದೆ. 5 ನಿಮಿಷ ದಾಟಿದರೆ, ಒಂದು ಮುಗಿದು ಎಚ್ಚರವಾಗುವ ಮೊದಲೇ ಇನ್ನೊಂದು ಶುರುವಾದರೆ, ಜೀವನದಲ್ಲಿ ಮೊದಲ ಸಲ ಬಂದಿದ್ದರೆ, ನೀರಿನಲ್ಲಿ ಬಂದಿದ್ದರೆ, ಗರ್ಭಿಣಿಗೆ ಬಂದಿದ್ದರೆ ಫೋನ್ ಮಾಡಿ. ಬಾಯಿಗೆ ಚಮಚ ತುರುಕಬೇಡಿ. ನಾಲಿಗೆ ನುಂಗಿಬಿಡುತ್ತಾರೆ ಅನ್ನುವುದು ಸುಳ್ಳು. ಹಲ್ಲು ಮುರಿಯುವುದು ಮಾತ್ರ ನಿಜ. ಅದುರಾಟ ನಿಂತ ಮೇಲೆ ಪಕ್ಕಕ್ಕೆ ಹೊರಳಿಸಿ, ಅಷ್ಟೇ.

ತಲೆಗೆ ಪೆಟ್ಟು ಬಿದ್ದವರ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಬಿದ್ದ ಕೂಡಲೇ ಎದ್ದು ಕೂತು ‘ನನಗೇನೂ ಆಗಿಲ್ಲ’ ಅಂತ ಮಾತಾಡಿದವರು ಕೆಲವು ಗಂಟೆ ಬಿಟ್ಟು ಮಂಪರಿಗೆ ಜಾರಬಹುದು. ಬುರುಡೆಯೊಳಗೆ ರಕ್ತ ಸೇರುತ್ತಾ ಮೆದುಳನ್ನು ಒತ್ತುತ್ತಿರುತ್ತದೆ. ಮತ್ತೆ ಮತ್ತೆ ವಾಂತಿ, ಎಬ್ಬಿಸಿದರೂ ಏಳದಷ್ಟು ನಿದ್ದೆ, ಒಂದು ಕಣ್ಣಿನ ಪಾಪೆ ದೊಡ್ಡದಾಗುವುದು, ಕಿವಿ ಮೂಗಿನಿಂದ ತಿಳಿ ನೀರು, ಗೊಂದಲದ ಮಾತು, ಇವುಗಳಲ್ಲಿ ಒಂದು ಕಂಡರೂ ಫೋನ್ ಮಾಡಿ. ರಕ್ತ ತೆಳುವಾಗುವ ಮಾತ್ರೆ ನುಂಗುವವರಾದರೆ ಸಣ್ಣ ಪೆಟ್ಟನ್ನೂ ಒಮ್ಮೆ ತೋರಿಸಿಬಿಡಿ. ಎತ್ತರದಿಂದ ಬಿದ್ದು ಕುತ್ತಿಗೆ ನೋವು, ಕೈಕಾಲು ಜೋಮು ಅಂದವರನ್ನು ಎತ್ತಿ ಕಾರಿಗೆ ಹಾಕಬೇಡಿ. ಬೆಂಕಿ, ಹೊಗೆ, ಓಡಾಡುವ ವಾಹನದಂಥ ಅಪಾಯ ಇಲ್ಲದಿದ್ದರೆ ಬಿದ್ದಲ್ಲೇ ಇರಲಿ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಹತ್ತು ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿದರೂ ನಿಲ್ಲದ ರಕ್ತ. ಚಿಮ್ಮುವ ರಕ್ತವಾದರೆ ಹತ್ತು ನಿಮಿಷವೂ ಕಾಯುವಂತಿಲ್ಲ. ಮುಖ ಸುಟ್ಟಿರುವುದು, ಹೊಗೆ ಕುಡಿದು ಧ್ವನಿ ಒಡೆದಿರುವುದು. ಬಿಸಿಲಲ್ಲಿದ್ದು ಮೈ ಕಾದು ಏನೇನೋ ಮಾತಾಡುವುದು, ಇಲ್ಲಿ ಆಂಬುಲೆನ್ಸ್ ಬರುವವರೆಗೆ ಮೈಗೆ ನೀರು ಹಾಕಿ ತಣ್ಣಗೆ ಮಾಡುತ್ತಲೇ ಇರಿ. ವಿಷ ಕುಡಿದಿರುವುದು ಅಥವಾ ಮಾತ್ರೆ ಜಾಸ್ತಿ ನುಂಗಿರುವುದು, ಆಗ ಚೆನ್ನಾಗಿ ಕಂಡರೂ ಕೂಡ. ವಾಂತಿ ಮಾಡಿಸಲು ಹೋಗಬೇಡಿ, ಡಬ್ಬಿ ಮಾತ್ರ ಜೊತೆಗೆ ತನ್ನಿ. ಶುಗರ್ ಇರುವವರು ಎಚ್ಚರ ತಪ್ಪಿದ್ದರೆ ಬಾಯಿಗೆ ಸಕ್ಕರೆ ಹಾಕಬೇಡಿ, ಎಚ್ಚರವಿದ್ದು ನುಂಗುವಂತಿದ್ದರೆ ಮಾತ್ರ ಕೊಡಿ. ಗರ್ಭಿಣಿಗೆ ಜೋರು ರಕ್ತಸ್ರಾವ, ತೀವ್ರ ತಲೆನೋವಿನ ಜೊತೆ ಕಣ್ಣು ಮಂಜಾಗುವುದು. ಜ್ವರ ಅಥವಾ ಯಾವುದೋ ಸೋಂಕಿನ ಮೇಲೆ ಮನುಷ್ಯ ಗೊಂದಲಕ್ಕೆ ಬಿದ್ದು, ಉಸಿರು ಬಿರುಸಾಗಿ, ಚರ್ಮ ಅಲ್ಲಲ್ಲಿ ಕಪ್ಪಿಟ್ಟು, ದಿನವಿಡೀ ಮೂತ್ರವೇ ಹೋಗದಿರುವುದು. ಈ ಕೊನೆಯದು ಸೆಪ್ಸಿಸ್ ಇರಬಹುದು, ಅಂದರೆ ಸೋಂಕಿನಿಂದಾಗಿ ದೇಹದ ಅಂಗಗಳೇ ಕೆಡುತ್ತಾ ಹೋಗುವ ಸ್ಥಿತಿ. ವಯಸ್ಸಾದವರಲ್ಲಿ ಜ್ವರವೇ ಇಲ್ಲದೆ ಬರಬಹುದು. ನಿನ್ನೆವರೆಗೆ ಚೆನ್ನಾಗಿ ಮಾತಾಡುತ್ತಿದ್ದ ಅಜ್ಜಿ ಇವತ್ತು ಮನೆಯವರನ್ನೇ ಗುರುತಿಸುತ್ತಿಲ್ಲ ಅಂದರೆ ಅದು ವಯಸ್ಸಿನ ಮರೆವಲ್ಲ.

ಫೋನ್ ಮಾಡಿದಾಗ ಏನು ಹೇಳಬೇಕು? ಮೊದಲು ಜಾಗ. ಏನಾಗಿದೆ ಅನ್ನುವುದು ಆಮೇಲೆ. ಫೋನ್ ಕಟ್ಟಾದರೂ ಗಾಡಿ ಎಲ್ಲಿಗೆ ಬರಬೇಕು ಅಂತ ಅವರಿಗೆ ಗೊತ್ತಿರಬೇಕಲ್ವಾ? ಗುರುತಿನ ಜಾಗ, ಎಷ್ಟನೇ ಮಹಡಿ, ಲಿಫ್ಟ್ ಇದೆಯಾ ಅಂತ ಹೇಳಿ. ಆಮೇಲೆ ಕಂಡದ್ದನ್ನು ಕಂಡ ಹಾಗೆ ಹೇಳಿ. ‘ಹಾರ್ಟ್ ಅಟ್ಯಾಕ್ ಅನ್ನಿಸುತ್ತೆ’ ಅನ್ನುವುದಕ್ಕಿಂತ ‘60 ವರ್ಷ, ಎದೆ ಬಿಗಿ, ಬೆವರುತ್ತಿದ್ದಾರೆ, 20 ನಿಮಿಷ ಆಯಿತು’ ಅಂದರೆ ಅವರಿಗೆ ಕೆಲಸ ಸುಲಭ. ‘ಇಷ್ಟೆಲ್ಲ ಪ್ರಶ್ನೆ ಕೇಳುತ್ತಾ ಕೂತಿದ್ದಾರಲ್ಲ, ಬೇಗ ಗಾಡಿ ಕಳಿಸಬಾರದಾ’ ಅಂತ ಸಿಟ್ಟು ಬರುತ್ತದೆ. ಎಷ್ಟೋ ಕಡೆ ಒಬ್ಬರು ಪ್ರಶ್ನೆ ಕೇಳುತ್ತಿರುವಾಗಲೇ ಇನ್ನೊಬ್ಬರು ಗಾಡಿ ಕಳಿಸಿರುತ್ತಾರೆ. ಅವರು ಇಡಿ ಅನ್ನುವವರೆಗೆ ನೀವು ಫೋನ್ ಇಡಬೇಡಿ. ಒಬ್ಬರನ್ನು ಗೇಟಿನ ಹತ್ತಿರ ಕಳಿಸಿ, ಬಾಗಿಲ ಚಿಲಕ ತೆಗೆದಿಡಿ, ನಾಯಿ ಇದ್ದರೆ ಕಟ್ಟಿ, ನುಂಗುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ.

ಎರಡು ದಿನದ ಜ್ವರ, ಉಳುಕಿದ ಕಾಲು, ಹೊಲಿಗೆ ಬೇಕಾದ ಸಣ್ಣ ಗಾಯ, ಹಳೆಯ ಬೆನ್ನುನೋವು, ಇವುಗಳಿಗೆ ಆಟೋ, ಕಾರು ಸಾಕು. ಆಂಬುಲೆನ್ಸ್‌ನಲ್ಲಿ ಬಂದರೆ ಕ್ಯೂ ತಪ್ಪುತ್ತದೆ ಅಂತ ಕೆಲವರು ನಂಬಿದ್ದಾರೆ. ತಪ್ಪುವುದಿಲ್ಲ. ಬಂದ ಮೇಲೆ ಎಲ್ಲರನ್ನೂ ತೀವ್ರತೆ ನೋಡಿಯೇ ವಿಂಗಡಿಸುತ್ತೇವೆ. ಹಾಗಂತ ‘ಕರೆದು ಏನೂ ಇಲ್ಲ ಅಂತಾದರೆ ಮರ್ಯಾದೆ ಹೋಗುತ್ತದೆ’ ಅಂತ ಹಿಂಜರಿಯಬೇಡಿ. ಎದೆಬಿಗಿ ಅಂತ ಬಂದು, ಎಲ್ಲ ಪರೀಕ್ಷೆ ಸರಿಯಾಗಿದ್ದು ಮನೆಗೆ ಹೋಗುವವರು ನಮ್ಮಲ್ಲಿ ದಿನವೂ ಇರುತ್ತಾರೆ. ಅವರನ್ನು ಯಾರೂ ಬೈಯುವುದಿಲ್ಲ.

ಕೊನೆಯದಾಗಿ, ನನ್ನನ್ನು ಒಬ್ಬರು ಕೇಳಿದ ಪ್ರಶ್ನೆ ಇದು: ‘ನಮ್ಮ ತಂದೆ ಏನೇ ಆದರೂ ಆಂಬುಲೆನ್ಸ್ ಬೇಡ ಅಂತ ಹಠ ಹಿಡಿಯುತ್ತಾರೆ. ಏನು ಮಾಡೋದು?’ ಇದು ಬಹಳ ಮನೆಗಳಲ್ಲಿ ಇರುವ ತೊಂದರೆ. ಎದೆನೋವಿನವರಂತೂ ‘ಸ್ವಲ್ಪ ಹೊತ್ತು ನೋಡೋಣ’ ಅನ್ನದೆ ಇರುವುದೇ ಅಪರೂಪ. ಮೊದಲು ಅವರ ಮಾತು ಸ್ಪಷ್ಟವಾಗಿದೆಯಾ ನೋಡಿ. ಎಂದಿನ ಹಾಗಿಲ್ಲದೆ ಸಿಡುಕುತ್ತಿದ್ದರೆ, ಸಂಬಂಧವಿಲ್ಲದ ಮಾತಾಡುತ್ತಿದ್ದರೆ ಆ ಹಠವೇ ಕಾಯಿಲೆಯ ಲಕ್ಷಣ ಇರಬಹುದು. ಸ್ಪಷ್ಟವಾಗಿ ಯೋಚಿಸಿ ಬೇಡ ಅನ್ನುತ್ತಿದ್ದರೂ ನೀವು ಫೋನ್ ಮಾಡಿ, ಸ್ಪೀಕರ್‌ಗೆ ಹಾಕಿ, ಅವರ ಜೊತೆಯೇ ಮಾತಾಡಿಸಿ. ಮಗ ಹೇಳಿದರೆ ಕೇಳದವರು ಹೊರಗಿನವರು ಹೇಳಿದರೆ ಎಷ್ಟೋ ಸಲ ಕೇಳುತ್ತಾರೆ. ಕಾಯಿಲೆಯ ಹೆಸರು ಹಿಡಿದು ವಾದಕ್ಕಿಳಿಯಬೇಡಿ. ‘ಅಪ್ಪಾ, ನಿಮಗೆ ಹಾರ್ಟ್ ಅಟ್ಯಾಕ್’ ಅಂದರೆ ‘ನನಗೆ ಗೊತ್ತು, ಗ್ಯಾಸು’ ಅನ್ನುತ್ತಾರೆ. ‘ಅವರು ಬಂದು ಬಿಪಿ ನೋಡಿ, ಒಂದು ಇಸಿಜಿ ತೆಗೆಯಲಿ, ಹೋಗುವುದೋ ಬೇಡವೋ ಆಮೇಲೆ ನೀವೇ ಹೇಳಿ’ ಅನ್ನಿ. ಸಿಬ್ಬಂದಿ ಬಂದು ಪರೀಕ್ಷೆ ಮಾಡಿದ ಮೇಲೂ ಅವರು ಒಪ್ಪದಿದ್ದರೆ ಯಾರೂ ಎತ್ತಿಕೊಂಡು ಹೋಗುವುದಿಲ್ಲ. ಅಷ್ಟರಲ್ಲಿ ಇಸಿಜಿಯಂತೂ ಕೈಯಲ್ಲಿರುತ್ತದೆ, ಅದನ್ನು ತೋರಿಸಿ ಮಾತಾಡುವುದು ಸುಲಭ.